ಅಪ್ಪನಿಗೆ ಸಿನಿಮಾ ಹೇಳುತ್ತಾ ಒಂದು ಪದಕ್ಕೆ ಸಿಕ್ಕಿಕೊಂಡಿದ್ದು

ಅಪ್ಪನಿಗೆ ಯುದ್ಧದ ಸಿನಿಮಾ ಅಂದರೆ ಪ್ರಾಣ. ಟ್ಯಾಂಕ್ ಇರಬೇಕು, ವಿಮಾನ ಇರಬೇಕು, ಇಂಟರ್ವಲ್ ಹೊತ್ತಿಗೆ ಒಂದು ಸೇತುವೆಯಾದರೂ ಹಾರಿಹೋಗಬೇಕು. ಹೋದ ಶನಿವಾರ ಮಳೆ ಬಂದು ಅವರ ವಾಕಿಂಗ್ ತಪ್ಪಿತು. ಟೀವಿ ಮುಂದೆ ಕೂತು ಚಾನೆಲ್ ತಿರುಗಿಸಿ ತಿರುಗಿಸಿ ರಿಮೋಟಿಗೇ ಬೇಜಾರು ಬರುವ ಹಾಗೆ ಮಾಡಿದರು. ನಾನು ಲ್ಯಾಪ್‌ಟಾಪ್ ತಂದು ಟೀವಿಗೆ ಸಿಕ್ಕಿಸಿ ನಾರ್ವೆಯ ಒಂದು ಸಿನಿಮಾ ಹಾಕಿದೆ. ಎರಿಕ್ ಪೊಪ್ಪೆ ನಿರ್ದೇಶಿಸಿದ್ದು, 2016ರದ್ದು. ಇಂಗ್ಲಿಷಿನಲ್ಲಿ ‘ದ ಕಿಂಗ್ಸ್ ಚಾಯ್ಸ್’ ಅಂತ ಹೆಸರು. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯ ಮೇಲೆ ಬಿದ್ದಾಗ ಅಲ್ಲಿನ ರಾಜ ಏಳನೇ ಹೋಕನ್ ಏನು ಮಾಡಿದ ಅನ್ನುವ ಕಥೆ.

ಒಂದು ತೊಂದರೆ ಇತ್ತು. ಅಪ್ಪನಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಬಾಕಿ. ಕೆಳಗೆ ಓಡುವ ಇಂಗ್ಲಿಷ್ ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಹಾಗಾಗಿ ಎರಡು ಗಂಟೆಗೂ ಜಾಸ್ತಿ ಹೊತ್ತು ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಾ ಹೋಗಬೇಕಾಯಿತು, ಮೂಕಿ ಸಿನಿಮಾ ಕಾಲದಲ್ಲಿ ಪರದೆ ಪಕ್ಕ ಒಬ್ಬ ನಿಂತು ಕಥೆ ಹೇಳುತ್ತಿದ್ದನಂತಲ್ಲ, ಹಾಗೆ. ಇದನ್ನು ಬರೆಯುತ್ತಿರುವುದೂ ಅದರಿಂದಲೇ. ಸುಮ್ನೆ ನೋಡಿದ್ದರೆ ‘ಚೆನ್ನಾಗಿತ್ತು’ ಅಂತ ಮಲಗಿಬಿಡುತ್ತಿದ್ದೆ. ಬಾಯಿಬಿಟ್ಟು ಹೇಳಲು ಹೋಗಿ ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡೆ.

ಆ ಪದ ಸಿನಿಮಾದ ಹೆಸರಿನಲ್ಲೇ ಇದೆ. ನಾರ್ವೆ ಭಾಷೆಯಲ್ಲಿ ಇದರ ಹೆಸರು ‘ಕೊಂಗೆನ್ಸ್ ನೈ’. ರಾಜನ ಆಯ್ಕೆ ಅಲ್ಲ, ರಾಜನ ‘ನೋ’.

“ನೋ ಅಂದ್ರೆ? ಬೇಡ ಅಂತಾನಾ, ಇಲ್ಲ ಅಂತಾನಾ?” ಅಂದರು ಅಪ್ಪ.

ನೋಡೋಣ ಇರಿ ಅಂದೆ.

ಮೊದಲು ಈ ರಾಜನ ಬಗ್ಗೆ ಹೇಳಬೇಕು, ಯಾಕೆಂದರೆ ಅವನು ನಾರ್ವೆಯವನೇ ಅಲ್ಲ. ಡೆನ್ಮಾರ್ಕಿನ ರಾಜಕುಮಾರ, ಹೆಸರು ಕಾರ್ಲ್, ಕೆಲಸ ನೌಕಾಪಡೆಯಲ್ಲಿ. 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾದಾಗ ಅವರಿಗೊಬ್ಬ ರಾಜ ಬೇಕಿತ್ತು. ಇವನನ್ನು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಇವನು, ಜನಕ್ಕೆ ರಾಜ ಬೇಕೋ ಬೇಡವೋ ಮೊದಲು ಅವರನ್ನೇ ಕೇಳಿ, ಆಮೇಲೆ ಬರುತ್ತೇನೆ ಅಂದ. ನವೆಂಬರ್‌ನಲ್ಲಿ ಓಟು ಹಾಕಿಸಿದರು. ಶೇಕಡಾ 79ರಷ್ಟು ಜನ ರಾಜ ಬೇಕು ಅಂದರು. ಆಗ ಬಂದ. ಹೆಸರು ಬದಲಿಸಿ ಹೋಕನ್ ಆದ, ಎರಡು ವರ್ಷದ ಮಗ ಅಲೆಕ್ಸಾಂಡರ್ ಓಲಾವ್ ಆದ.

“ಹಾಗಾದ್ರೆ ಇವನು ರಾಜ ಅಲ್ಲ, ಎಮ್ಮೆಲ್ಲೆ,” ಅಂದರು ಅಪ್ಪ.

ನಗು ಬಂತು, ಆದರೆ ಸಿನಿಮಾ ನಿಂತಿರುವುದು ಹೆಚ್ಚುಕಡಿಮೆ ಆ ಮಾತಿನ ಮೇಲೇ. ನಮ್ಮ ಐತಿಹಾಸಿಕ ಸಿನಿಮಾಗಳನ್ನು ನೋಡಿ ಬೆಳೆದವರಿಗೆ ರಾಜ ಅಂದರೆ ಕುದುರೆ, ಕತ್ತಿ, ಪರಂಗಿಯವನ ಮುಖಕ್ಕೆ ಹೊಡೆದ ಹಾಗೆ ಒಂದು ಉದ್ದ ಡೈಲಾಗು. ಇಲ್ಲಿರುವುದು 67 ವರ್ಷದ ಒಬ್ಬ ಉದ್ದನೆಯ ತೆಳ್ಳನೆಯ ಮುದುಕ. ಹೆಂಡತಿ ಮೌಡ್ 1938ರಲ್ಲೇ ತೀರಿಕೊಂಡಿದ್ದಾಳೆ. ಮೊಮ್ಮಕ್ಕಳ ಜೊತೆ ಆಡುತ್ತಾನೆ. ಸರ್ಕಾರ ಕಳಿಸಿದ ಕಾಗದಕ್ಕೆ ಸಹಿ ಹಾಕುತ್ತಾನೆ. ಸಂವಿಧಾನದ ಪ್ರಕಾರ ಅವನ ಕೈಯಲ್ಲಿ ದೊಡ್ಡ ಅಧಿಕಾರ ಏನೂ ಇಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ಪಾತ್ರ ಮಾಡಿದ ಜೆಸ್ಪರ್ ಕ್ರಿಸ್ಟೆನ್ಸೆನ್ ಕೂಡ ಡೆನ್ಮಾರ್ಕಿನವರೇ. ಬಾಂಡ್ ಸಿನಿಮಾಗಳಲ್ಲಿ ಮಿಸ್ಟರ್ ವೈಟ್ ಆಗಿ ಬರುತ್ತಾರಲ್ಲ, ಅವರೇ. ಅಲ್ಲಿ ಖಳ, ಇಲ್ಲಿ ತಾತ.

ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಅಪ್ಪ, “ಯುದ್ಧ ಯಾವಾಗ ಶುರು?” ಅಂತ ಎರಡು ಸಲ ಕೇಳಿದರು. ಮೂರನೇ ಸಲ ಕೇಳುವ ಮೊದಲು ದೇವರು ದೊಡ್ಡವನು, ಆಸ್ಕರ್ಸ್‌ಬೋರ್ಗ್ ಬಂತು.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ನಿಜಕ್ಕೂ ನಡೆದದ್ದು ಅಂತ ನಂಬುವುದು ಕಷ್ಟ. ಓಸ್ಲೊಗೆ ಸಮುದ್ರದಿಂದ ಹೋಗಬೇಕಾದರೆ ಉದ್ದನೆಯ ಒಂದು ಕಡಲ ಸೀಳಿನೊಳಗೆ ಹೋಗಬೇಕು. ಡ್ರೊಬಾಕ್ ಹತ್ತಿರ ಅದು ಕಿರಿದಾಗುತ್ತದೆ. ಆ ಗಂಟಲಿನಲ್ಲಿ ಒಂದು ಹಳೇ ಕೋಟೆ, ಅದೇ ಆಸ್ಕರ್ಸ್‌ಬೋರ್ಗ್. ಏಪ್ರಿಲ್ 9ರ ಬೆಳಗಿನ ಜಾವ, ಕತ್ತಲಲ್ಲಿ, ದೀಪ ಆರಿಸಿಕೊಂಡು ಯುದ್ಧನೌಕೆಗಳು ಬರುತ್ತಿವೆ. ಮುಂದೆ ಇರುವುದು ಬ್ಲೂಷರ್, ಜರ್ಮನಿಯ ಹೊಚ್ಚಹೊಸ ಹಡಗು. ಅದರ ತುಂಬ ಓಸ್ಲೊವನ್ನು ಹಿಡಿಯಲು, ರಾಜನನ್ನೂ ಸರ್ಕಾರವನ್ನೂ ಹಿಡಿಯಲು ಬಂದ ಸೈನಿಕರು, ಅಧಿಕಾರಿಗಳು. ಕೋಟೆಯಲ್ಲಿ ಇರುವವರು ಯಾರು? ಕರ್ನಲ್ ಬಿರ್ಗೆರ್ ಎರಿಕ್ಸೆನ್, ಇನ್ನೇನು ನಿವೃತ್ತಿಗೆ ಹತ್ತಿರ ಬಂದವನು, ಮತ್ತೆ ಕೆಲವೇ ದಿನದ ಹಿಂದೆ ಬಂದ ಹೊಸ ಹುಡುಗರು. ಫಿರಂಗಿಗೆ ಜನ ಸಾಲದೆ ಅಡಿಗೆಯವರನ್ನೂ ನಿಲ್ಲಿಸಿಕೊಂಡಿದ್ದರು. ಫಿರಂಗಿಗಳು 1893ರವು. ಅವುಗಳಿಗೆ ಮೋಸೆಸ್, ಆರೋನ್ ಅಂತ ಹೆಸರು. ಇಳಿಸುವಾಗ ನೀರಿಗೆ ಬಿದ್ದು ಮೇಲೆತ್ತಿದ್ದಕ್ಕೆ ಒಂದಕ್ಕೆ ಮೋಸೆಸ್ ಅಂತಿಟ್ಟರಂತೆ, ಬೈಬಲಿನಲ್ಲಿ ನೀರಿನಿಂದ ಎತ್ತಿದ ಮಗು ಅಲ್ವಾ ಅವನು. ಇದೆಲ್ಲಕ್ಕಿಂತ ತಮಾಷೆ ಅಂದರೆ ಆ ಫಿರಂಗಿ ಮಾಡಿದ್ದು ಜರ್ಮನಿಯ ಕ್ರುಪ್ ಕಂಪನಿ.

ಎರಿಕ್ಸೆನ್‌ಗೆ ಮೇಲಿಂದ ಆದೇಶ ಇಲ್ಲ. ಬರುತ್ತಿರುವ ಹಡಗು ಯಾವ ದೇಶದ್ದು ಅಂತಲೂ ಸರಿಯಾಗಿ ಗೊತ್ತಿಲ್ಲ. ನಾರ್ವೆ ಯಾರ ಕಡೆಯೂ ಅಲ್ಲದ ದೇಶ, ಗುಂಡು ಹಾರಿಸಿದರೆ ದೇಶವನ್ನೇ ಯುದ್ಧಕ್ಕೆ ನೂಕಿದ ಹಾಗೆ. ಹಾರಿಸದಿದ್ದರೆ? ಆ ಮನುಷ್ಯ ಕತ್ತಲಲ್ಲಿ ನಿಂತು, ನನಗೆ ಪದಕ ಕೊಡುತ್ತಾರೆ ಇಲ್ಲವೇ ಕೋರ್ಟ್ ಮಾರ್ಷಲ್ ಮಾಡುತ್ತಾರೆ, ಹಾರಿಸಿ ಅಂದನಂತೆ. ಎರಡು ಫಿರಂಗಿಯಿಂದ ಒಂದೊಂದೇ ಗುಂಡು. ಎರಡೂ ತಗುಲಿದವು. ಆಮೇಲೆ ಬಂಡೆಯೊಳಗೆ ಬಚ್ಚಿಟ್ಟಿದ್ದ ಟಾರ್ಪೆಡೊ ತಾಣ, ಅದು ಇರುವುದೇ ಜರ್ಮನ್ನರಿಗೆ ಗೊತ್ತಿರಲಿಲ್ಲ. ಅದರ ಜವಾಬ್ದಾರಿ ಹೊತ್ತವನು ಖಾಯಿಲೆ ಬಿದ್ದಿದ್ದಕ್ಕೆ, ಆಚೆ ದಡದಲ್ಲಿ ಪಿಂಚಣಿ ತಿನ್ನುತ್ತಾ ಕೂತಿದ್ದ ಆಂಡರ್ಸೆನ್ ಅನ್ನುವ ಹಳೇ ಅಧಿಕಾರಿಯನ್ನು ರಾತ್ರೋರಾತ್ರಿ ಕರೆಸಿದ್ದರು. ಟಾರ್ಪೆಡೊಗಳಿಗೆ ಸುಮಾರು ನಲವತ್ತು ವರ್ಷ ವಯಸ್ಸು. ಅವೂ ಕೆಲಸ ಮಾಡಿದವು. ಹೊಚ್ಚಹೊಸ ಬ್ಲೂಷರ್ ಆ ಬೆಳಿಗ್ಗೆಯೇ ತಳ ಸೇರಿತು, ನೂರಾರು ಜನರ ಸಮೇತ.

ಅಪ್ಪ ಸೋಫಾದ ತುದಿಗೆ ಬಂದು ಕೂತಿದ್ದರು. “ಪಿಂಚಣಿದಾರ!” ಅಂತ ತೊಡೆ ತಟ್ಟಿದರು. ಸ್ವಂತ ಇಲಾಖೆಗೇ ಪದಕ ಬಂದಷ್ಟು ಖುಷಿ.

ಆ ಹಡಗು ಮುಳುಗಿದ್ದಕ್ಕೆ ರಾಜನಿಗೆ ಸಿಕ್ಕಿದ್ದು ಕೆಲವು ಗಂಟೆಗಳು ಮಾತ್ರ. ಅಷ್ಟರೊಳಗೆ ರಾಜ, ಮಂತ್ರಿಗಳು, ಸಂಸತ್ತಿನವರು ಎಲ್ಲ 7 ಗಂಟೆ 23 ನಿಮಿಷಕ್ಕೆ ಓಸ್ಲೊದಿಂದ ಹೊರಟ ವಿಶೇಷ ರೈಲು ಹತ್ತಿ ಉತ್ತರದ ಹಾಮಾರ್ ಊರಿಗೆ ಹೋದರು. ಅದೇ ಬೆಳಿಗ್ಗೆ ಬ್ಯಾಂಕಿನ ಚಿನ್ನವನ್ನೂ, ಸುಮಾರು 50 ಟನ್, ಲಾರಿಗಳಿಗೆ ತುಂಬಿ ಸಾಗಿಸಿದರು. ಅದರದ್ದೇ ಇನ್ನೊಂದು ಸಿನಿಮಾ ಆಗುವಷ್ಟು ಕಥೆ ಇದೆ, ಇಲ್ಲಿ ಬಿಡುತ್ತೇನೆ. ಇತ್ತ ಡೆನ್ಮಾರ್ಕ್ ಆ ಬೆಳಿಗ್ಗೆಯೇ ಶರಣಾಗಿತ್ತು. ಅಲ್ಲಿನ ರಾಜ ಹತ್ತನೇ ಕ್ರಿಸ್ಟಿಯಾನ್ ಬೇರೆ ಯಾರೂ ಅಲ್ಲ, ಹೋಕನ್‌ನ ಸ್ವಂತ ಅಣ್ಣ. ಹಾಮಾರ್‌ನಿಂದ ಎಲ್ವೆರುಮ್‌ಗೆ ಓಟ. ಹಿಂದೆ ಜರ್ಮನ್ ಪ್ಯಾರಾಟ್ರೂಪರ್‌ಗಳು. ಆ ರಾತ್ರಿ ಮಿಡ್ಟ್‌ಸ್ಕೋಗೆನ್ ಅನ್ನುವ ಕಡೆ ರಸ್ತೆಗೆ ಅಡ್ಡ ಕಟ್ಟಿ ರಾಜನ ಕಾವಲು ಪಡೆಯ ಹುಡುಗರೂ ಊರಿನ ಬಂದೂಕಿನವರೂ ಸೇರಿ ಅವರನ್ನು ತಡೆದರು. ಅದೇ ಸಂಜೆ ಕ್ವಿಸ್ಲಿಂಗ್ ಅನ್ನುವ ಮಾಜಿ ಮಂತ್ರಿ ರೇಡಿಯೋಗೆ ಹೋಗಿ, ಇನ್ನು ನಾನೇ ಪ್ರಧಾನಿ ಅಂತ ತಾನೇ ಘೋಷಿಸಿಕೊಂಡಿದ್ದ. ಯಾರೂ ಓಟು ಹಾಕಿಲ್ಲ, ಯಾರೂ ನೇಮಿಸಿಲ್ಲ. ಇವತ್ತು ಇಂಗ್ಲಿಷಿನಲ್ಲಿ ಅವನ ಹೆಸರೇ ದೇಶದ್ರೋಹಿ ಅನ್ನುವುದಕ್ಕೆ ಇರುವ ಪದ.

ಈಗ ಬರುತ್ತದೆ ಎಲ್ವೆರುಮ್‌ನ ಶಾಲೆ. ಏಪ್ರಿಲ್ 10, ಮಧ್ಯಾಹ್ನ. ಸಿನಿಮಾದ ಜೀವ ಇರುವುದು ಇಲ್ಲಿ. ಜರ್ಮನಿಯ ರಾಯಭಾರಿ ಕೂರ್ಟ್ ಬ್ರಾಯರ್ ಬರುತ್ತಾನೆ. ಇವನನ್ನು ಸಿನಿಮಾ ರಾಕ್ಷಸನಂತೆ ತೋರಿಸುವುದಿಲ್ಲ. ರಕ್ತ ಹರಿಯದೆ ಇದು ಮುಗಿಯಲಿ ಅಂತ ಒದ್ದಾಡುವ, ಎಲ್ಲರೂ ತನ್ನ ಮಾತು ಕೇಳಿದರೆ ಸರಿಹೋಗುತ್ತದೆ ಅಂದುಕೊಂಡಿರುವ ಒಬ್ಬ ಅಧಿಕಾರಿ. ನನಗೆ ಅವನನ್ನು ಸ್ವಲ್ಪ ಜಾಸ್ತಿಯೇ ಒಳ್ಳೆಯವನನ್ನಾಗಿ ಮಾಡಿದ್ದಾರೆ ಅನ್ನಿಸಿತು. ಹಿಂದಿನ ದಿನ ಬೆಳಗಿನ ಜಾವ ಶರಣಾಗಿ ಅನ್ನುವ ಕಾಗದವನ್ನು ವಿದೇಶಾಂಗ ಮಂತ್ರಿ ಕೂಟ್ ಕೈಗೆ ಕೊಟ್ಟವನೂ ಇವನೇ ತಾನೆ. ಓಸ್ಲೊದಲ್ಲಿ ದೀಪ ಆರಿಸಿದ್ದರಿಂದ ಅವರಿಬ್ಬರೂ ಮೇಣದ ಬತ್ತಿಯ ಬೆಳಕಿನಲ್ಲಿ ಮಾತಾಡಿದ್ದು. ನಾವಾಗಿ ಶರಣಾಗುವುದಿಲ್ಲ, ಹೋರಾಟ ಆಗಲೇ ಶುರುವಾಗಿದೆ ಅಂದಿದ್ದ ಕೂಟ್.

ಈಗ ಬ್ರಾಯರ್ ರಾಜನ ಜೊತೆ ಒಬ್ಬನೇ ಮಾತಾಡಬೇಕು ಅನ್ನುತ್ತಾನೆ. ಹಿಟ್ಲರ್‌ನ ಬೇಡಿಕೆ ಒಂದೇ. ಕ್ವಿಸ್ಲಿಂಗ್‌ನನ್ನು ಪ್ರಧಾನಿ ಅಂತ ನೇಮಿಸಬೇಕು, ನಿಮ್ಮ ಅಣ್ಣ ಮಾಡಿದ ಹಾಗೆ ನೀವೂ ಶಾಂತಿಯಿಂದ ಇರಬಹುದು. ಒಂದು ಮೇಜು, ಒಂದೆರಡು ಕುರ್ಚಿ, ಹೊರಗೆ ಹಿಮ. ರಾಜ ಕೂಗುವುದಿಲ್ಲ, ಮೇಜು ಗುದ್ದುವುದಿಲ್ಲ. ನಾನೊಬ್ಬನೇ ಇದನ್ನು ತೀರ್ಮಾನಿಸಲು ಬರುವುದಿಲ್ಲ, ಸರ್ಕಾರವನ್ನು ಕೇಳಿ ಹೇಳುತ್ತೇನೆ ಅನ್ನುತ್ತಾನೆ.

“ರಾಜ ಆಗಿ ಕೇಳಿ ಹೇಳ್ತೀನಿ ಅಂತಾನಲ್ಲೋ,” ಅಂದರು ಅಪ್ಪ. ಪಿಂಚಣಿದಾರ ಕೊಟ್ಟ ಖುಷಿ ಇಳಿದುಹೋಗಿತ್ತು.

ನಾನು ಅಪ್ಪನನ್ನು ಸಮಾಧಾನ ಮಾಡುತ್ತಿರುವಾಗ ಸಿನಿಮಾ ನೀಬೆರ್ಗ್‌ಸುಂಡ್‌ಗೆ ಹೋಯಿತು, ಸ್ವೀಡನ್ ಗಡಿ ಹತ್ತಿರದ ಸಣ್ಣ ಊರು. ಮಂತ್ರಿಗಳು ಕೂತಿದ್ದಾರೆ, ಪ್ರಧಾನಿ ನೀಗೋರ್ಸ್‌ವೊಲ್ ಇದ್ದಾನೆ, ಎಲ್ಲರ ಮುಖ ಬಾಡಿದೆ, ಎರಡು ದಿನದಿಂದ ನಿದ್ದೆ ಇಲ್ಲ. ಹೋಕನ್ ಎದ್ದು ಮಾತಾಡುತ್ತಾನೆ. ಅವನ ಮಾತು ಅಂತ ನಾನು ಅಪ್ಪನಿಗೆ ಹೇಳಿದ್ದರ ತಿರುಳು ಇಷ್ಟು. ಜನರ ಸಾವುನೋವಿನ ಭಾರ ನನಗೆ ಗೊತ್ತಿದೆ. ತೀರ್ಮಾನ ನಿಮ್ಮದು, ನನ್ನ ಮಾತು ನಿಮ್ಮನ್ನು ಕಟ್ಟಿಹಾಕುವುದು ಬೇಡ. ಆದರೆ ಜನರಿಗೂ ಸಂಸತ್ತಿಗೂ ನಂಬಿಕೆ ಇಲ್ಲದ ಮನುಷ್ಯನನ್ನು ನಾನು ನೇಮಿಸಲು ಆಗದು. ನೀವು ಜರ್ಮನ್ನರ ಬೇಡಿಕೆಗೆ ಒಪ್ಪುವುದಾದರೆ ನಾನು ಕಿರೀಟ ಬಿಟ್ಟು ಇಳಿಯುತ್ತೇನೆ.

ಇಲ್ಲಿ ನಾನು ತೊದಲಿದೆ. ಮೊದಲು ‘ರಾಜ ಬೇಡ ಅಂದ’ ಅಂದೆ. ಬೇಡ ಅಂದರೆ ಇನ್ನೊಬ್ಬರಿಗೆ ಹೇಳಿದ ಹಾಗೆ, ಅವನು ಯಾರಿಗೂ ಬೇಡ ಅಂದಿಲ್ಲ. ‘ಕೂಡದು ಅಂದ’ ಅಂದೆ. ಅದು ಆಜ್ಞೆ, ಅವನಿಗೆ ಆಜ್ಞೆ ಮಾಡುವ ಹಕ್ಕೇ ಇಲ್ಲ, ಅದನ್ನೇ ಅಲ್ಲವಾ ಇಷ್ಟು ಹೊತ್ತು ಹೇಳಿದ್ದು. ‘ಆಗಲ್ಲ ಅಂದ’ ಅಂದೆ. ಅದು ಬೆಂಗಳೂರಿನ ಆಟೋದವರು ದಿನಾ ನನಗೆ ಹೇಳುವ ಮಾತು. ಸಿನಿಮಾ ನಿಲ್ಲಿಸಿದೆ. ಪರದೆ ಮೇಲೆ ರಾಜ ಬಾಯಿ ಅರ್ಧ ತೆರೆದು ನಿಂತಿದ್ದ.

ಅಪ್ಪ ಸ್ವಲ್ಪ ಹೊತ್ತು ಆ ಮುಖವನ್ನೇ ನೋಡಿದರು. ಆಮೇಲೆ, “ಒಲ್ಲೆ ಅಂದಾನ ಅವಾ,” ಅಂದರು. ಮನೆಯಲ್ಲಿ ಹಾವೇರಿ ಕಡೆಯ ಮಾತು ಅವರ ಬಾಯಿಂದ ಬರುವುದು ಅಪರೂಪ, ಮೂವತ್ತು ವರ್ಷದ ಬೆಂಗಳೂರು ಅದನ್ನು ಉಜ್ಜಿಹಾಕಿದೆ. “ನಮ್ಮವ್ವ ಅಂದಂಗ.”

ಆ ಕಥೆ ನನಗೆ ಗೊತ್ತಿತ್ತು. ಅಜ್ಜಿಯ ಕೊನೆಯ ವರ್ಷ ಊರಿನ ಒಬ್ಬರು ಹೊಲದ ವಿಷಯದ ಒಂದು ಕಾಗದ ತಂದು, ಹೆಬ್ಬೆಟ್ಟು ಒತ್ತವ್ವಾ ಅಂತ ಶಾಯಿ ಡಬ್ಬಿ ತೆರೆದಿಟ್ಟಿದ್ದರು. ಪಕ್ಕದಲ್ಲಿ ನಾಲ್ಕು ಜನ, ಒಬ್ಬೊಬ್ಬರೂ ಒಂದೊಂದು ಬುದ್ಧಿ ಹೇಳಿದರು. ಅಜ್ಜಿ ಜಗಳ ಆಡಲಿಲ್ಲ. ಕಾಗದ ಹರಿಯಲಿಲ್ಲ. ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿಕೊಂಡು ಸೆರಗಿನ ಕೆಳಗೆ ಇಟ್ಟುಕೊಂಡಳು. “ನೀವು ಏನರ ಮಾಡ್ಕೋರಿ. ನಾ ಒಲ್ಲೆ.” ಅಷ್ಟೇ. ಶಾಯಿ ಒಣಗುವ ತನಕ ಕೂತು ಅವರು ಎದ್ದು ಹೋದರು.

ಒಲ್ಲೆ ಅನ್ನುವ ಪದದೊಳಗೇ ‘ನಾನು’ ಕೂತಿದೆ, ನೋಡಿ. ನಾನು ಒಲ್ಲೆ, ನೀನು ಒಲ್ಲಿ, ಅವನು ಒಲ್ಲ. ಬೇಡ, ಇಲ್ಲ, ಕೂಡದು ಇವನ್ನೆಲ್ಲ ಯಾರ ಬಾಯಿಂದ ಬೇಕಾದರೂ ಯಾರ ಪರವಾಗಿ ಬೇಕಾದರೂ ಹೇಳಬಹುದು. ಒಲ್ಲೆ ಅನ್ನುವುದನ್ನು ಇನ್ನೊಬ್ಬರ ಪರವಾಗಿ ಹೇಳುವುದಕ್ಕೇ ಬರುವುದಿಲ್ಲ. ಹೋಕನ್ ಹೇಳಿದ್ದು ಅಷ್ಟನ್ನೇ. ದೇಶದ ಪರವಾಗಿ ಅವನು ಏನೂ ತೀರ್ಮಾನಿಸಲಿಲ್ಲ. ತನ್ನ ಹೆಬ್ಬೆರಳು ಮಡಚಿಕೊಂಡ. ಅದನ್ನು ನೋಡಿ ಮಂತ್ರಿಗಳು ತಾವೇ ತೀರ್ಮಾನ ಮಾಡಿದರು. ಕೆಲವರು ಅತ್ತರು, ರಾಜನೂ ಅತ್ತ.

ಉತ್ತರವನ್ನು ಬ್ರಾಯರ್‌ಗೆ ತಿಳಿಸಿದ್ದು ಫೋನಿನಲ್ಲಿ. ಅವನು ಓಸ್ಲೊಗೆ ವಾಪಸು ಹೋಗುವ ದಾರಿಯಲ್ಲಿ ಐಡ್ಸ್‌ವೊಲ್‌ನಲ್ಲಿ ನಿಂತಿದ್ದ. 1814ರಲ್ಲಿ ನಾರ್ವೆಯ ಸಂವಿಧಾನ ಬರೆದದ್ದು ಅದೇ ಐಡ್ಸ್‌ವೊಲ್‌ನಲ್ಲಿ. ಸಿನಿಮಾದವರು ಸೃಷ್ಟಿ ಮಾಡಿದ್ದರೆ, ಅತಿಯಾಯ್ತು ಅಂತ ಬೈಯುತ್ತಿದ್ದೆ, ಆದರೆ ಇದು ಇತಿಹಾಸವೇ. ಹಾಗಾದರೆ ಹೋರಾಟ ಮುಂದುವರಿಯುತ್ತದಾ ಅಂತ ಅವನು ಕೇಳಿದ. ಆಗುವಷ್ಟು ದಿನ ಅಂದ ಕೂಟ್.

ಮಾರನೇ ದಿನ ಬಾಂಬರ್‌ಗಳು ಬಂದವು. ಏಪ್ರಿಲ್ 11, ನೀಬೆರ್ಗ್‌ಸುಂಡ್ ಮೇಲೆ. ರಾಜನೂ ಯುವರಾಜ ಓಲಾವ್‌ನೂ ಮಂತ್ರಿಗಳೂ ಕಾಡಿಗೆ ಓಡಿದರು, ಹಿಮದಲ್ಲಿ ಮರಗಳ ಕೆಳಗೆ ನಿಂತರು. ಸಿನಿಮಾದಲ್ಲಿ ಇದು ತುಂಬ ಚೆನ್ನಾಗಿದೆ. ಕ್ಯಾಮೆರಾ ಅಲ್ಲಾಡುತ್ತಲೇ ಇರುತ್ತದೆ, ಬೇರೆ ಕಡೆ ಅದು ತಲೆನೋವು ತರಿಸಿತ್ತು, ಆದರೆ ಇಲ್ಲಿ ಆ ಅಲ್ಲಾಟ ಬೇಕಾಗಿತ್ತು. ಆ ಎತ್ತರದ ಮುದುಕ ಉದ್ದ ಕೋಟು ಹಾಕಿಕೊಂಡು ಹಿಮದಲ್ಲಿ ಓಡುವುದನ್ನು ನೋಡಿದಾಗ ಅಪ್ಪನಿಗೆ ಯುದ್ಧ ಸಿಕ್ಕಿತು, ಆದರೆ ಅವರು ತೊಡೆ ತಟ್ಟಲಿಲ್ಲ.

ದೂರುಗಳೂ ಇವೆ. ಮಧ್ಯದಲ್ಲಿ ರಾಜನಿಗೂ ಮಗ ಓಲಾವ್‌ಗೂ ನಡುವಿನ ಮುನಿಸನ್ನು ಎಳೆದಿದ್ದಾರೆ, ಅದು ಜಾಸ್ತಿಯಾಯಿತು. ಓಲಾವ್‌ನ ಹೆಂಡತಿ, ಯುವರಾಣಿ ಮಾರ್ತಾ ಮೂವರು ಮಕ್ಕಳನ್ನು ಕಟ್ಟಿಕೊಂಡು ಸ್ವೀಡನ್ನಿಗೆ ಹೋದವಳು, ಆ ಮೂವರಲ್ಲಿ ಕೊನೆಯ ಮಗು ಹರಾಲ್ಡ್‌ಗೆ ಆಗ ಮೂರು ವರ್ಷ, ಅವನೇ ಮುಂದೆ 1991ರಲ್ಲಿ ರಾಜನಾದ. ಅವಳ ಪ್ರಯಾಣದ್ದೇ ಒಂದು ಯುದ್ಧ, ಅದಕ್ಕೆ ಸಿನಿಮಾದಲ್ಲಿ ಕೊಟ್ಟಿರುವ ಜಾಗ ಕಮ್ಮಿ. ಇನ್ನೊಂದು, ಇಡೀ ಸಿನಿಮಾ ಏಪ್ರಿಲ್‌ನ ‘ನೈ’ಗೆ ನಿಲ್ಲುತ್ತದೆ. ಅದಕ್ಕಿಂತ ಕಷ್ಟದ್ದು ಆಮೇಲೆ ಬಂತು ಅಂತ ನನಗೆ ಅನ್ನಿಸುತ್ತದೆ. ಎರಡು ತಿಂಗಳು ಹೋರಾಡಿ ಸೋತು ಜೂನ್ 7ರಂದು ರಾಜ ಟ್ರೊಮ್ಸೊದಿಂದ ಬ್ರಿಟಿಷ್ ಹಡಗು ಹತ್ತಿ ಲಂಡನ್ ಸೇರಿದ. ಆ ತಿಂಗಳ ಕೊನೆಗೆ, ಜರ್ಮನ್ನರ ಕೈಯಲ್ಲಿ ಸಿಕ್ಕಿದ್ದ ಸಂಸತ್ತಿನ ಮುಖ್ಯಸ್ಥರೇ ಕಾಗದ ಬರೆದರು, ದಯವಿಟ್ಟು ಸಿಂಹಾಸನ ಬಿಡಿ ಅಂತ. ಮೊದಲನೇ ಸಲ ಶತ್ರು ಕೇಳಿದ್ದು, ಈ ಸಲ ತನ್ನವರೇ ಕೇಳಿದ್ದು. ಜುಲೈ 3ಕ್ಕೆ ಉತ್ತರ ಬರೆದ. ಮತ್ತೆ ಅದೇ ಉತ್ತರ. ಬಿಬಿಸಿಯಲ್ಲಿ ಅದನ್ನು ಓದಿದ. ಆಮೇಲೆ ನಾರ್ವೆಯ ಗೋಡೆಗಳ ಮೇಲೆ, ಹಿಮದ ಮೇಲೆ ಜನ ಅವನ ಹೆಸರಿನ ಮೊದಲ ಅಕ್ಷರವನ್ನೂ ಏಳು ಅನ್ನುವ ಅಂಕಿಯನ್ನೂ ಕದ್ದು ಬರೆಯತೊಡಗಿದರು. ಐದು ವರ್ಷ ಕಳೆದು 1945ರ ಜೂನ್ 7ಕ್ಕೆ, ಹೋದ ದಿನಕ್ಕೇ ಸರಿಯಾಗಿ ಓಸ್ಲೊಗೆ ವಾಪಸು ಬಂದ. ಸ್ವೀಡನ್ನಿನಿಂದ ಬೇರೆಯಾಗುತ್ತೇವೆ ಅಂತ 1905ರಲ್ಲಿ ಘೋಷಿಸಿದ್ದೂ ಜೂನ್ 7ರಂದೇ. ಈ ದೇಶದವರಿಗೆ ಪಂಚಾಂಗದ ಖಯಾಲಿ ಇದೆಯೋ ಏನೋ.

ಹೆಸರುಗಳೆಲ್ಲ ಮೇಲೆ ಹೋಗುತ್ತಿದ್ದವು. ಲ್ಯಾಪ್‌ಟಾಪ್ ವೈರು ಕೀಳಲು ಎದ್ದೆ. ಅಪ್ಪ ಕನ್ನಡಕ ತೆಗೆದು ಬನಿಯನ್ನಿನಲ್ಲಿ ಒರೆಸುತ್ತಾ, “ಆ ರಾಯಭಾರಿ ಏನಾದ?” ಅಂದರು.

ಅಷ್ಟು ಜನರಲ್ಲಿ ಅವರಿಗೆ ನೆನಪಾದದ್ದು ಅವನು. ಫೋನಿನಲ್ಲಿ ಹುಡುಕಿ ಹೇಳಿದೆ. ರಾಜನನ್ನು ಒಪ್ಪಿಸಲಾಗಲಿಲ್ಲ ಅಂತ ಒಂದೇ ವಾರದಲ್ಲಿ ಬ್ರಾಯರ್‌ನನ್ನು ಓಸ್ಲೊದಿಂದ ವಾಪಸು ಕರೆಸಿಕೊಂಡರು. ರಾಯಭಾರದ ಕೆಲಸ ಹೋಯಿತು. ಸೈನ್ಯಕ್ಕೆ ಹಾಕಿದರು. ಕೊನೆಗೆ ರಷ್ಯಾದವರ ಕೈಗೆ ಸೆರೆ ಸಿಕ್ಕ, ಯುದ್ಧ ಮುಗಿದು ಎಷ್ಟೋ ವರ್ಷ ಅಲ್ಲೇ ಇದ್ದ, ಬಿಡುಗಡೆಯಾಗಿದ್ದು 1954ರಲ್ಲಿ.

ಅಪ್ಪ ಕನ್ನಡಕ ಹಾಕಿಕೊಂಡು ಬೆರಳು ಮಡಚಿ ಎಣಿಸಿದರು.

“ನಲವತ್ತರಿಂದ ಐವತ್ನಾಲ್ಕು,” ಅಂದರು. “ಹದಿನಾಲ್ಕು ವರ್ಷ. ಪೂರಾ ವನವಾಸ.”